ಬೀಗದ ಕೈ ಒಪ್ಪಿಸುವ ಮುನ್ನ

ಬಾಡಿಗೆಯ ಮನೆಯನ್ನು ಹುಡುಕುವಾಗ ನಮ್ಮ ಜನ ತೋರುವ ಎಚ್ಚರ ಅಸಾಧಾರಣವಾದುದು. ತಲೆಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುತ್ತದೆಯೆ, ಪಕ್ಕದ ಮನೆಯವರು ಎಂತಹವರು, ಮಕ್ಕಳ ಶಾಲೆಯ ಬಸ್ಸು ಯಾವ ತಿರುವಿನಲ್ಲಿ ನಿಲ್ಲುತ್ತದೆ ಎಂಬಿವೆಲ್ಲವನ್ನೂ ವಿಚಾರಿಸಿ, ಹಿರಿಯರನ್ನು ಕೇಳಿ, ಪಂಚಾಂಗ ನೋಡಿ, ಹಾಲುಕ್ಕಿಸಿ ಒಳಹೋಗುವ ಅದೇ ಸಂಸಾರ, ಆ ಮನೆಯನ್ನು ಬಿಡುವ ಕಾಲ ಬಂದಾಗ ಮಾತ್ರ, ಬಿಡುವುದೆಂದರೆ ಸಾಮಾನು ಕಟ್ಟಿ ಲಾರಿಗೆ ಏರಿಸುವುದಷ್ಟೆ ಎಂದು ಭಾವಿಸಿ, ಕೊನೆಯ ವಾರದ ಗಡಿಬಿಡಿಯಲ್ಲಿ ಮನಸ್ತಾಪವನ್ನೂ ಧನನಷ್ಟವನ್ನೂ ಒಟ್ಟಿಗೇ ತಂದುಕೊಳ್ಳುವುದನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಕಾಣಬಹುದು.

ಇದಕ್ಕೆ ಕಾರಣ ಬಾಡಿಗೆದಾರರ ಅಜಾಗರೂಕತೆಯೊಂದೇ ಅಲ್ಲ. ಈ ವ್ಯವಹಾರದ ರಚನೆಯೇ ಅಂತಹುದು. ಒಳಗೆ ಬರುವ ದಿನ ಹಣ ನಮ್ಮ ಕೈಯಲ್ಲಿರುತ್ತದೆ, ಮನೆ ಅವರ ಕೈಯಲ್ಲಿರುತ್ತದೆ. ಇಬ್ಬರೂ ಸಮಬಲರಾದುದರಿಂದ ಇಬ್ಬರ ಮಾತಿನಲ್ಲೂ ಸೌಜನ್ಯವುಂಟು. ಹೊರಡುವ ದಿನ ಹಾಗಲ್ಲ. ಹಣ ಅವರಲ್ಲಿದೆ, ಮನೆಯೂ ಇನ್ನೊಂದು ಗಳಿಗೆಯಲ್ಲಿ ಅವರ ವಶವಾಗಲಿದೆ, ನಮ್ಮಲ್ಲಿ ಉಳಿದಿರುವುದು ಬೀಗದ ಕೈಯೊಂದೇ. ಅನ್ಯ ನಗರಗಳಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡುವುದು ವಾಡಿಕೆಯಾದರೆ, ಬೆಂಗಳೂರಿನಲ್ಲಿ ಬಹುಕಾಲ ಹತ್ತು ತಿಂಗಳ ಅಡ್ವಾನ್ಸ್ ಎಂಬುದೇ ನಿಯಮವಾಗಿತ್ತು. ಈಚೆಗೆ ಅದು ಕೆಲವೆಡೆ ಐದಾರು ತಿಂಗಳಿಗೆ ಇಳಿದಿದ್ದರೂ, 25,000 ರೂಪಾಯಿ ಬಾಡಿಗೆಯ ಸಾಧಾರಣ ಮನೆಯೊಂದಕ್ಕೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದವರೆಗೆ, ಬಡ್ಡಿಯಿಲ್ಲದೆ, ವರ್ಷಗಟ್ಟಲೆ ಮಾಲೀಕರಲ್ಲಿ ಉಳಿದಿರುತ್ತದೆ. ಈ ಮೊತ್ತವನ್ನು ಜಗಳವಿಲ್ಲದೆ ಹಿಂದಕ್ಕೆ ಪಡೆಯುವ ಕಾರ್ಯವೇ ಮನೆ ಬಿಡುವ ಕಾರ್ಯ. ಲಾರಿಯದು ಅದರ ಒಂದು ಅಂಗ ಮಾತ್ರ.

ಈ ಸಂಬಂಧವನ್ನು ಆಳತಕ್ಕ ಕಾನೂನು ಯಾವುದೆಂದು ಕೇಳಿದರೆ ಹಿರಿಯರು ಅನೇಕರು ‘ರೆಂಟ್ ಕಂಟ್ರೋಲ್’ ಎಂದು ಉತ್ತರಿಸುತ್ತಾರೆ. ಅದು ಗತಕಾಲದ ಸ್ಮರಣೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಮನೆ ತೆರವಾದರೆ ಯಜಮಾನರು ಆ ಸಂಗತಿಯನ್ನು ಸರಕಾರದ ಕಂಟ್ರೋಲರಿಗೆ ತಿಳಿಸಬೇಕಾಗಿತ್ತು, ಬಾಡಿಗೆದಾರನನ್ನು ಎಬ್ಬಿಸುವುದು ದುಸ್ಸಾಧ್ಯವಾಗಿತ್ತು. ಅದರ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ, 2001ನೆಯ ಇಸವಿಯ ಕೊನೆಯ ದಿನ ಜಾರಿಗೆ ಬಂದಿತಾದರೂ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಬೆಂಗಳೂರಿನಲ್ಲಿ ಒಂದು ಕೋಣೆಯೂ ದುರ್ಲಭವಾದುದರಿಂದ, ನಮ್ಮ ನಿಮ್ಮಂತಹವರ ಒಪ್ಪಂದಗಳೆಲ್ಲ 1882ರ ಆಸ್ತಿ ವರ್ಗಾವಣೆ ಕಾಯಿದೆಯ ಅಧೀನ. ನಮ್ಮ ಕರಾರುಪತ್ರಗಳೆಲ್ಲ ಹನ್ನೊಂದೇ ತಿಂಗಳಿಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಮತ್ತೊಂದು ಹಳೆಯ ಶಾಸನದಲ್ಲಿದೆ: ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರನ್ನು ನೋಂದಾಯಿಸತಕ್ಕದ್ದು ಎಂದು 1908ರ ನೋಂದಣಿ ಕಾಯಿದೆ ವಿಧಿಸುತ್ತದೆ, ಆ ಖರ್ಚಿನಿಂದ ಪಾರಾಗಲು ಜನ ಒಂದು ತಿಂಗಳನ್ನು ಕಳೆದುಬಿಟ್ಟರು.

ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮನ್ನು ಪ್ರತಿಯೊಬ್ಬ ಬಾಡಿಗೆದಾರನೂ ಒಮ್ಮೆ ಓದುವುದು ಒಳ್ಳೆಯದು. ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು, ಆದರೆ ಯುಕ್ತವಾದ ಬಳಕೆಯಿಂದುಂಟಾದ ಸವೆತಕ್ಕೂ ತಡೆಯಲಾಗದ ಶಕ್ತಿಗಳಿಂದಾದ ಬದಲಾವಣೆಗೂ ಅವನು ಹೊಣೆಯಲ್ಲ ಎಂಬುದು ಅದರ ಸಾರ. ನೂರಾರು ವಾಗ್ವಾದಗಳನ್ನು ಪರಿಹರಿಸಬಲ್ಲ ನ್ಯಾಯಸಮ್ಮತವಾದ ಮಾತಿದು. ಆದರೆ ಅದೇ ಕಲಮಿನ ಪ್ರಾರಂಭದಲ್ಲಿಯೇ, ಇದಕ್ಕೆ ವ್ಯತಿರಿಕ್ತವಾದ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದ ಪಕ್ಷದಲ್ಲಿ, ಎಂಬ ಷರತ್ತೂ ಉಂಟು. ಎಂದರೆ, ಸಹಿ ಹಾಕುವಾಗ ನಾವು ಓದದೆ ತಿರುವಿದ ಆ ನಾಲ್ಕು ಪುಟಗಳು ಶಾಸನಕ್ಕಿಂತಲೂ ಮುಂದೆ ನಿಲ್ಲುತ್ತವೆ. ಆದುದರಿಂದ ಮನೆ ಬಿಡುವ ಯೋಚನೆ ಬಂದೊಡನೆ ಮಾಡತಕ್ಕ ಮೊದಲನೆಯ ಕೆಲಸ, ಬೀರುವಿನ ತಳದಲ್ಲಿರುವ ಆ ಕರಾರುಪತ್ರವನ್ನು ಹೊರತೆಗೆದು ಮೂರು ಸಂಗತಿಗಳನ್ನು ನೋಡಿಕೊಳ್ಳುವುದು: ಎಷ್ಟು ದಿನ ಮುಂಚೆ ತಿಳಿಸಬೇಕೆಂದಿದೆ, ಬಣ್ಣದ ಬಾಬ್ತು ಏನೆಂದು ಬರೆದಿದೆ, ಇಂತಿಷ್ಟು ಕಾಲದೊಳಗೆ ಬಿಟ್ಟರೆ ದಂಡವೆಂಬ ‘ಲಾಕ್-ಇನ್’ ಷರತ್ತು ಇದೆಯೆ.

ಮುಂಚೆ ತಿಳಿಸುವ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಹನ್ನೊಂದು ತಿಂಗಳು ಮುಗಿದ ಮೇಲೂ ಕರಾರನ್ನು ನವೀಕರಿಸದೆ, ಬಾಡಿಗೆಯನ್ನು ಮಾತ್ರ ಕೊಡುತ್ತ ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಕಳೆದಿರುವ ಮನೆಗಳೂ ಎಷ್ಟೋ ಇವೆ. ಅಂತಹ ವಾಸ ತಿಂಗಳಿಂದ ತಿಂಗಳಿಗೆ ನಡೆಯತಕ್ಕದ್ದೆಂದು ಎಣಿಸಲ್ಪಟ್ಟು, ಲಿಖಿತವಾದ ಹದಿನೈದು ದಿನಗಳ ಸೂಚನೆ ಅದನ್ನು ಕೊನೆಗಾಣಿಸಲು ಸಾಕೆಂದು 106ನೆಯ ಕಲಮು ಹೇಳುತ್ತದೆ. ಹಾಗೆಂದು ಹದಿನೈದೇ ದಿನ ಮುಂಚೆ ಹೇಳುವುದು ಔಚಿತ್ಯವಲ್ಲ, ಲಾಭಕರವೂ ಅಲ್ಲ. ಸೂಚನೆ ಲಿಖಿತವಾಗಿರಬೇಕೆಂಬುದನ್ನು ಮಾತ್ರ ಮರೆಯಕೂಡದು. ಮೆಟ್ಟಿಲ ಮೇಲೆ ಎದುರಾದಾಗ ‘ಸಾರ್, ಇನ್ನೆರಡು ತಿಂಗಳಲ್ಲಿ ಖಾಲಿ ಮಾಡ್ತೀವಿ’ ಎಂದುದಕ್ಕೆ ‘ಆಗಲಿ, ನೋಡೋಣ’ ಎಂಬ ಉತ್ತರ ಬಂದರೆ, ನಮ್ಮ ಪಾಲಿಗೆ ಅದು ನೋಟಿಸು, ಅವರ ಪಾಲಿಗೆ ಅದು ಲೋಕಾಭಿರಾಮ. ಬಾಯಲ್ಲಿ ಹೇಳಿದ ದಿನವೇ ವಾಟ್ಸಾಪಿನಲ್ಲಿಯೋ ಈಮೇಲಿನಲ್ಲಿಯೋ ತಾರೀಖು ಸಹಿತ ಎರಡು ಸಾಲು ಬರೆದು, ಮಾಲೀಕರಿಂದ ‘ಸರಿ’ ಎಂಬ ಒಂದು ಮಾತನ್ನಾದರೂ ಪಡೆದಿಡಬೇಕು.

ಇಲ್ಲಿ ಬೆಂಗಳೂರಿನ ಮುಂಗಡದ ಒಳಗುಟ್ಟನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ನಾವು ಕೊಟ್ಟ ಅಡ್ವಾನ್ಸ್ ಮಾಲೀಕರ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಕುಳಿತು ನಮ್ಮ ದಾರಿಯನ್ನು ಕಾಯುತ್ತಿರುತ್ತದೆಂದು ಯಾರೂ ಭ್ರಮಿಸಬಾರದು. ಅದು ಮೇಲಂತಸ್ತಿನ ಕಟ್ಟಡಕ್ಕೋ, ಮಗಳ ಮದುವೆಗೋ, ಹಿಂದಿನ ಬಾಡಿಗೆದಾರನ ಬಾಕಿಗೋ ಎಂದೋ ವಿನಿಯೋಗವಾಗಿ ಹೋಗಿರುತ್ತದೆ. ನಮಗೆ ಹಿಂದಿರುಗತಕ್ಕ ಹಣ ಬಹುತೇಕ ಮುಂದೆ ಬರುವ ಬಾಡಿಗೆದಾರನ ಜೇಬಿನಿಂದ ಬರತಕ್ಕದ್ದು. ಇದು ಸರಿಯಾದ ಪದ್ಧತಿಯೆ ಎಂದು ಕೇಳಿದರೆ ಅಲ್ಲವೆಂದೇ ಹೇಳುತ್ತೇನೆ. ಆದರೆ ಪದ್ಧತಿ ಹೀಗಿದೆ ಎಂಬುದನ್ನು ಅರಿತವನು ಅದಕ್ಕೆ ತಕ್ಕಂತೆ ನಡೆಯಬಲ್ಲ. ‘ಟು-ಲೆಟ್’ ಫಲಕ ನೋಡಿ ಬಂದವರಿಗೆ ಮನೆ ತೋರಿಸುವುದನ್ನು ಉಪದ್ರವವೆಂದು ಭಾವಿಸಿ, ಕದವನ್ನು ಅರ್ಧ ತೆರೆದು ಮುಖ ಗಂಟಿಕ್ಕಿಕೊಳ್ಳುವ ಬಾಡಿಗೆದಾರ ತನ್ನ ಹಣದ ಆಗಮನವನ್ನು ತಾನೇ ತಡೆಯುತ್ತಿದ್ದಾನೆ. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರ ತನಕ ಬನ್ನಿ ಎಂದು ಒಂದು ಹೊತ್ತನ್ನು ಗೊತ್ತುಮಾಡಿ, ಹಾಸಿಗೆ ಮಡಿಸಿ, ಅಡಿಗೆಮನೆ ಒರೆಸಿ, ನೀರಿನ ವಿಷಯ ಕೇಳಿದರೆ ಸತ್ಯವನ್ನೇ ಹೇಳಿ ಕಳುಹಿಸುವುದು ಪರೋಪಕಾರವೂ ಹೌದು, ಸ್ವಾರ್ಥವೂ ಹೌದು.

ಕಾಲದ ಆಯ್ಕೆಗೂ ಇದೇ ಕಾರಣದಿಂದ ಮಹತ್ವ ಬರುತ್ತದೆ. ಆಷಾಢದಲ್ಲಿ ಮನೆ ಬದಲಿಸುವವರು ವಿರಳ. ಧನುರ್ಮಾಸವೂ ಬಹುಜನರಿಗೆ ವರ್ಜ್ಯ. ನಮಗೆ ಪಂಚಾಂಗದಲ್ಲಿ ನಂಬಿಕೆ ಇರಲಿ ಬಿಡಲಿ, ಜ್ಯೇಷ್ಠದ ಕೊನೆಗೆ ಮನೆ ಖಾಲಿ ಮಾಡಿದರೆ ಮುಂದಿನ ಬಾಡಿಗೆದಾರ ಶ್ರಾವಣದ ತನಕ ಬರಲಾರನು, ಅವನು ಬರುವ ತನಕ ಮಾಲೀಕರ ಕೈಯಲ್ಲಿ ಹಣವಿಲ್ಲ. ಶಾಲೆಗಳಿಗೆ ರಜೆ ಇರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊರಡುವವನ ಹಣ ಬೇಗ ಬರುವುದಕ್ಕೆ ಗ್ರಹಗತಿ ಕಾರಣವಲ್ಲ, ಆ ಕಾಲದಲ್ಲಿ ಮನೆ ಹುಡುಕುವವರು ಹೆಚ್ಚೆಂಬುದಷ್ಟೆ ಕಾರಣ.

ಮಾಲೀಕರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಉಪಾಯವೊಂದು ನಗರದಲ್ಲಿ ಬಹಳ ಪ್ರಚಲಿತವಾಗಿದೆ. ನೋಟಿಸು ಕೊಟ್ಟ ಮೇಲೆ ಬಾಡಿಗೆಯನ್ನು ನಿಲ್ಲಿಸಿ, ‘ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ’ ಎನ್ನುವುದೇ ಆ ಉಪಾಯ. ಕರಾರು ಅದಕ್ಕೆ ಅವಕಾಶ ಕೊಡದಿದ್ದಲ್ಲಿ ಬಾಡಿಗೆದಾರನಿಗೆ ಹಾಗೆ ಮಾಡುವ ಅಧಿಕಾರವಿಲ್ಲ. ಬಾಡಿಗೆ ಬಾಕಿಯುಳಿಸಿದವನೆಂಬ ದೋಷ ಅವನಿಗೇ ಅಂಟಿಕೊಳ್ಳುತ್ತದೆ. ಆದರೂ ಈ ವಿಷಯದಲ್ಲಿ ನಾನು ಬಾಡಿಗೆದಾರರನ್ನು ಕಠಿಣವಾಗಿ ನಿಂದಿಸಲಾರೆ. ಹತ್ತು ತಿಂಗಳ ಹಣವನ್ನು ಒತ್ತೆಯಾಗಿ ಇಟ್ಟವನು, ಕೊನೆಗೆ ಅದರಲ್ಲಿ ಎಷ್ಟು ಬರುವುದೋ ಎಂದು ಹೆದರಿ ಎರಡು ಮೂರು ತಿಂಗಳಿನಷ್ಟನ್ನಾದರೂ ಉಳಿಸಿಕೊಳ್ಳಲು ಹವಣಿಸಿದರೆ, ತಪ್ಪು ಅವನೊಬ್ಬನದಲ್ಲ. ಉಪಾಯವನ್ನು ಒಪ್ಪಿಗೆಯಾಗಿ ಪರಿವರ್ತಿಸಿಕೊಳ್ಳುವುದು ಉತ್ತಮ ಮಾರ್ಗ: ಅಷ್ಟೊಂದು ಮೊತ್ತವನ್ನು ಒಮ್ಮೆಗೇ ಹೊಂದಿಸುವುದು ತಮಗೂ ಕಷ್ಟವಾಗಬಹುದು, ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿಯೇ ವಜಾ ಮಾಡಿಕೊಳ್ಳುವಿರಾ ಎಂದು ಮುಂಚಿತವಾಗಿ ಕೇಳಿದರೆ, ಎಷ್ಟೋ ಮಂದಿ ಮಾಲೀಕರು ಸಂತೋಷದಿಂದಲೇ ಒಪ್ಪುತ್ತಾರೆ. ಆ ಒಪ್ಪಿಗೆಯನ್ನೂ ಬರಹದಲ್ಲಿ ಪಡೆದುಕೊಳ್ಳಬೇಕೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಸುಣ್ಣ-ಬಣ್ಣದ ವಿಚಾರ. ಬೆಂಗಳೂರಿನ ಬಾಡಿಗೆ ವ್ಯಾಜ್ಯಗಳಲ್ಲಿ ಇದಕ್ಕೇ ಅಗ್ರಸ್ಥಾನ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಇಲ್ಲಿ ಎಷ್ಟು ಬೇರೂರಿದೆಯೆಂದರೆ, ಎರಡೂ ಪಕ್ಷದವರು ಅದನ್ನು ಪ್ರಕೃತಿನಿಯಮವೆಂಬಂತೆ ಸ್ವೀಕರಿಸಿದ್ದಾರೆ. ಮೂರು ನಾಲ್ಕು ವರ್ಷ ಒಂದು ಸಂಸಾರ ಬಾಳಿದ ಮನೆಯ ಗೋಡೆ ಮಾಸುವುದು, ನಡೆದವನ ಚಪ್ಪಲಿಯ ಹಿಮ್ಮಡಿ ಸವೆಯುವಂತೆ, ಬಳಕೆಯ ಅನಿವಾರ್ಯ ಫಲ. ಕರಾರು ಮೌನವಾಗಿದ್ದಲ್ಲಿ ಶಾಸನದ ಯುಕ್ತ ಸವೆತದ ಸೂತ್ರ ಬಾಡಿಗೆದಾರನ ಪರವಾಗಿಯೇ ನಿಲ್ಲುತ್ತದೆ. ಆದರೆ ನಮ್ಮ ಅಗ್ರಿಮೆಂಟುಗಳಲ್ಲಿ ಮೌನ ಅಪರೂಪ. ಒಂದು ತಿಂಗಳ ಬಾಡಿಗೆಯನ್ನು ಕಳೆಯತಕ್ಕದ್ದೆಂದು ಬರೆದಿದ್ದರೆ ಅದನ್ನು ಕೊಟ್ಟು ಸುಮ್ಮನಾಗಬೇಕು. ‘ಬಣ್ಣ ಹೊಡೆಸಿಕೊಡತಕ್ಕದ್ದು’ ಎಂದಷ್ಟೇ ಇದ್ದರೆ, ನಾವೇ ಪೇಂಟರನ್ನು ಕರೆಸಿ ಬೆಲೆ ಕೇಳಿ, ಯಾವುದು ಕಡಿಮೆಯೋ ಅದನ್ನು ಆರಿಸಿಕೊಳ್ಳಬಹುದು. ಆರು ತಿಂಗಳಲ್ಲಿ ಬಿಟ್ಟುಹೋಗುವವನಿಂದಲೂ ಆರು ವರ್ಷ ಇದ್ದವನಿಂದಲೂ ಒಂದೇ ಮೊತ್ತವನ್ನು ಮುರಿಯುವುದು ನ್ಯಾಯವೆ ಎಂಬ ಪ್ರಶ್ನೆಯನ್ನು ಮಾತ್ರ ಒಳಹೋಗುವ ದಿನವೇ, ಸಹಿ ಹಾಕುವ ಮುನ್ನ, ಎತ್ತಬೇಕಾಗಿತ್ತು.

ಸವೆತಕ್ಕೂ ಹಾನಿಗೂ ಇರುವ ಗೆರೆ ಕಾಗದದ ಮೇಲೆ ಸ್ಪಷ್ಟ, ಗೋಡೆಯ ಮೇಲೆ ಅಸ್ಪಷ್ಟ. ಜಯನಗರದಲ್ಲಿ ಸ್ನೇಹಿತರೊಬ್ಬರು ಮನೆ ಬಿಡುವಾಗ ಮಾಲೀಕರೊಡನೆ ನಡೆದ ತಪಾಸಣೆಗೆ ನಾನು ಸಾಕ್ಷಿಯಾಗಿದ್ದೆ. ವಯಸ್ಸಾದ ಆ ಯಜಮಾನರು ಕನ್ನಡಕವನ್ನು ಹಣೆಗೇರಿಸಿ, ಪಡಸಾಲೆಯ ಗೋಡೆಯ ಹತ್ತಿರ ಹೋಗಿ, ಟಿ.ವಿ. ಇದ್ದ ಜಾಗದಲ್ಲಿ ಬೆರಳಿಟ್ಟರು. ಕಬ್ಬಿಣದ ಚೌಕಟ್ಟನ್ನು ಕಿತ್ತ ನಾಲ್ಕು ತೂತುಗಳು, ಸುತ್ತಲೂ ಗಿಲಾವು ಚಕ್ಕೆಯೆದ್ದು, ಒಳಗಿನ ಇಟ್ಟಿಗೆ ಕೆಂಪಗೆ ಕಾಣುತ್ತಿತ್ತು. ‘ಇದನ್ನ ನೋಡಿ ಸ್ವಾಮಿ, ಇದಕ್ಕೆ ಏನು ಹೇಳ್ತೀರಿ?’ ಎಂದರು. ನನ್ನ ಸ್ನೇಹಿತರಿಗೆ ಹೇಳಲು ಏನೂ ಇರಲಿಲ್ಲ, ಅದು ಹಾನಿಯೇ. ಆ ಬಳಿಕ ಬಚ್ಚಲಿಗೆ ಹೋದರು. ಬೋರ್‌ವೆಲ್ ನೀರಿನ ಸುಣ್ಣದಂಶ ನಲ್ಲಿಯ ಬುಡದಲ್ಲಿ ಬಿಳಿಯ ಗಡ್ಡೆಯಾಗಿ ಕಟ್ಟಿ, ಟೈಲ್ಸಿನ ಮೇಲೆ ಮಂಜಿನಂತಹ ಪೊರೆಯೊಂದು ಕೂತಿತ್ತು. ಅದಕ್ಕೂ ಹಣ ಕೇಳಿದಾಗ ಸ್ನೇಹಿತರು, ‘ನೀರು ನಿಮ್ಮ ಬೋರಿನದು ಸಾರ್, ನಾವು ತಂದದ್ದಲ್ಲವಲ್ಲ’ ಎಂದರು. ಯಜಮಾನರು ಕ್ಷಣಕಾಲ ಯೋಚಿಸಿ ನಕ್ಕರು, ಆ ಬಾಬ್ತನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅಡಿಗೆಮನೆಯ ಒಗ್ಗರಣೆಯ ಜಿಡ್ಡು, ಕಿಟಕಿಯ ಸೊಳ್ಳೆ ಪರದೆಯ ಹರಕು, ಒಂದು ಬಾಗಿಲಿನ ಚಿಲಕ, ಇವು ಎರಡು ವರ್ಗಕ್ಕೂ ಪೂರ್ತಿಯಾಗಿ ಸೇರದ ವಸ್ತುಗಳು; ಅವುಗಳಿಗೆ ಅರ್ಧರ್ಧ ಎಂದು ತೀರ್ಮಾನವಾಯಿತು.

ಇಂತಹ ತಪಾಸಣೆಗೆ ಮುಂಚೆ ನಾವೇ ಒಮ್ಮೆ ಮಾಲೀಕರ ಕಣ್ಣಿನಿಂದ ಮನೆಯನ್ನು ಸುತ್ತಿ ಬರುವುದು ಲೇಸು. ಮೊಳೆಯ ತೂತುಗಳಿಗೆ ವೈಟ್ ಸಿಮೆಂಟನ್ನೋ ಪುಟ್ಟಿಯನ್ನೋ ತುಂಬಿ ಒಣಗಿದ ಮೇಲೆ ಉಜ್ಜುಕಾಗದದಿಂದ ತಿಕ್ಕುವುದು, ಸೋರುವ ನಲ್ಲಿಗೆ ವಾಷರ್ ಹಾಕಿಸುವುದು, ಸುಟ್ಟ ಬಲ್ಬು ಬದಲಿಸುವುದು, ಇವೆಲ್ಲ ಅಲ್ಪವ್ಯಯದಲ್ಲಿ ಮುಗಿಯತಕ್ಕ ಕೆಲಸಗಳು. ಮಾಲೀಕರು ಅವನ್ನೇ ಮಾಡಿಸಿ ನಮ್ಮ ಲೆಕ್ಕಕ್ಕೆ ಬರೆದಾಗ ಮೊತ್ತ ಬೇರೆಯಾಗಿರುತ್ತದೆ. ಬಚ್ಚಲನ್ನು ಬೆಳ್ಳಗೆ ಮಾಡುವ ಆತುರದಲ್ಲಿ ಆಸಿಡ್ ಸುರಿಯುವವರುಂಟು. ಅದು ನಲ್ಲಿಗಳ ಹೊಳಪನ್ನೂ ಟೈಲ್ಸಿನ ನಡುವಿನ ಸಿಮೆಂಟನ್ನೂ ತಿಂದುಹಾಕಿ, ಸವೆತವೆಂದು ತಳ್ಳಿಹಾಕಬಹುದಾಗಿದ್ದುದನ್ನು ನಿಸ್ಸಂದೇಹವಾದ ಹಾನಿಯನ್ನಾಗಿ ಮಾರ್ಪಡಿಸುತ್ತದೆ. ನಿಂಬೆರಸವೋ ವಿನಿಗರೋ ಸವರಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ನಲ್ಲಿಯ ಸುಣ್ಣ ಬಹುಮಟ್ಟಿಗೆ ಬಿಡುತ್ತದೆ. ನೆಲ ಅಮೃತಶಿಲೆಯದಾದರೆ ಅದನ್ನೂ ಸೋಕಿಸಬಾರದು.

ನಾವು ಅಳವಡಿಸಿದ ಗೀಸರ್, ಫ್ಯಾನು, ಪರದೆಯ ಸರಳು, ನೀರು ಶುದ್ಧಿಯ ಯಂತ್ರ, ಬಾಲ್ಕನಿಯ ಜಾಲರಿ ಮುಂತಾದುವನ್ನು ಬಿಚ್ಚಿಕೊಂಡು ಹೋಗುವ ಹಕ್ಕು ನಮಗುಂಟು, ಆದರೆ ಎರಡು ನಿಬಂಧನೆಗಳೊಡನೆ: ಮನೆ ನಮ್ಮ ವಶದಲ್ಲಿರುವಾಗಲೇ ಬಿಚ್ಚಬೇಕು, ಬಿಚ್ಚಿದ ಮೇಲೆ ಜಾಗ ಮೊದಲಿನಂತಿರಬೇಕು. ಬೀಗದ ಕೈ ಕೊಟ್ಟ ಮೇಲೆ ಗೀಸರ್ ನೆನಪಾದರೆ ಅದು ಪ್ರಾರ್ಥನೆಯ ವಿಷಯವಾಗುತ್ತದೆಯೇ ಹೊರತು ಹಕ್ಕಿನದಾಗುವುದಿಲ್ಲ. ಒಮ್ಮೊಮ್ಮೆ ಹೊಸ ಬಾಡಿಗೆದಾರನಿಗೇ ಅವನ್ನು ಕಡಿಮೆ ಬೆಲೆಗೆ ಬಿಟ್ಟುಬಿಡುವುದು ಮೂವರಿಗೂ ಹಿತ.

ಸಾಮಾನು ಸಾಗಿಸುವ ಕ್ರಮವನ್ನು ಕುರಿತು ಬಲ್ಲವರು ಬಹಳ ಮಂದಿ ಇರುವುದರಿಂದ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ, ನಿಲ್ಲಿಸಿಯೇ ಸಾಗಿಸಬೇಕು; ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿಯುತ್ತದೆ, ಆದುದರಿಂದ ಹೊಸ ಮನೆಯಲ್ಲಿ ಇಳಿಸಿದೊಡನೆ ಸ್ವಿಚ್ ಹಾಕದೆ ಕೆಲವು ಗಂಟೆ ಬಿಡುವುದು ಕ್ಷೇಮ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿನೊಡನೆ ಬಂದ, ಡ್ರಮ್ಮನ್ನು ಬಿಗಿದು ಹಿಡಿಯುವ ಬೋಲ್ಟುಗಳನ್ನು ಎಸೆಯದೆ ಇಟ್ಟಿರುವ ಪುಣ್ಯಾತ್ಮರು ಅವನ್ನು ಮತ್ತೆ ತಿರುಗಿಸಿ ಹಾಕಬೇಕು. ಯು.ಪಿ.ಎಸ್. ಬ್ಯಾಟರಿಯನ್ನು ವಾಲಿಸಿದರೆ ಆಮ್ಲ ಚೆಲ್ಲುತ್ತದೆ. ಪ್ಯಾಕರ್ಸಿನವರೊಡನೆ ಮಾತನಾಡುವಾಗ ಒಟ್ಟು ಮೊತ್ತ, ಮಹಡಿ ಹತ್ತಿಸುವ ಕೂಲಿ, ಒಡೆದರೆ ಹೊಣೆ ಯಾರದು ಎಂಬ ಮೂರನ್ನೂ ಬರೆಸಿಕೊಳ್ಳದೆ ಮುಂಗಡ ಕೊಡಬಾರದು. ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಬೆಲೆಯೂ ಏರುವುದು ಈ ಊರಿನಲ್ಲಿ ಹೊಸದಲ್ಲ. ಚಿನ್ನ, ಕಾಗದಪತ್ರ, ಮಕ್ಕಳ ಅಂಕಪಟ್ಟಿ, ಔಷಧಿ ಇವು ಲಾರಿಗೆ ಹೋಗತಕ್ಕ ವಸ್ತುಗಳೇ ಅಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರು ಅಸೋಸಿಯೇಷನ್ನಿನಿಂದ ಹೊರಹೋಗುವ ಅನುಮತಿಯನ್ನು ಮುಂಚೆಯೇ ಪಡೆಯದಿದ್ದಲ್ಲಿ, ತುಂಬಿದ ಲಾರಿಯನ್ನು ಗೇಟಿನ ಸೆಕ್ಯುರಿಟಿಯವನು ನಿಲ್ಲಿಸಿಕೊಳ್ಳುವುದುಂಟು.

ವಿದ್ಯುತ್ತಿನ ಲೆಕ್ಕದಲ್ಲಿ ಹೊಸದೊಂದು ತೊಡಕು ಸೇರಿದೆ. ಹೊರಡುವ ದಿನ ಮೀಟರಿನ ಅಂಕಿಯನ್ನು ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯೊಡನೆ ಫೋಟೋ ತೆಗೆದಿಟ್ಟು, ಆ ದಿನದವರೆಗಿನ ಬಾಕಿಯನ್ನು ತೀರಿಸುವುದು ಹಳೆಯ ಕ್ರಮ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಾಡಿಗೆದಾರರು ತಮ್ಮ ಆಧಾರನ್ನು ಮನೆಯ ಆರ್.ಆರ್. ಸಂಖ್ಯೆಗೆ ಜೋಡಿಸಿ ಉಚಿತ ವಿದ್ಯುತ್ತನ್ನು ಪಡೆಯತೊಡಗಿದರು. ಮನೆ ಬಿಡುವಾಗ ಆ ಜೋಡಣೆಯನ್ನು ಕಳಚದಿದ್ದರೆ ಹೊಸ ಮನೆಯಲ್ಲಿ ತಾವೂ ಸೌಲಭ್ಯ ಪಡೆಯಲಾರರು, ಹಳೆಯ ಮನೆಗೆ ಬಂದವರೂ ಪಡೆಯಲಾರರು. ಇದಕ್ಕಾಗಿ 2024ರಿಂದ ಸೇವಾ ಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡುವ ಅವಕಾಶವಿದೆ. ಗ್ಯಾಸಿನ ವಿಷಯದಲ್ಲಿ, ಬೇರೆ ಊರಿಗೆ ಹೋಗುವವರು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿಯನ್ನೂ ವರ್ಗಾವಣೆಯ ಚೀಟಿಯನ್ನೂ ಪಡೆದು ಹೋದರೆ ಹೊಸ ಊರಿನಲ್ಲಿ ಅಲೆದಾಟ ತಪ್ಪುತ್ತದೆ.

ದೊಡ್ಡ ಬಾಡಿಗೆ ಕೊಡುವವರು ಮರೆಯುವ ಸಂಗತಿಯೊಂದುಂಟು. ತಿಂಗಳ ಬಾಡಿಗೆ 50,000 ರೂಪಾಯಿಗೆ ಮೀರಿದ್ದರೆ, ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಮುರಿದು ಸರಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನ ಮೇಲಿದೆ. 2024ರ ಅಕ್ಟೋಬರಿನಿಂದ ಆ ದರ ನೂರಕ್ಕೆ ಎರಡು. ಇದನ್ನು ಸಾಧಾರಣವಾಗಿ ಆರ್ಥಿಕ ವರ್ಷದ ಕೊನೆಯ ತಿಂಗಳಲ್ಲಿ ಮುರಿಯತಕ್ಕದ್ದು, ಆದರೆ ನಡುವೆ ಮನೆ ಬಿಟ್ಟರೆ ವಾಸದ ಕೊನೆಯ ತಿಂಗಳಲ್ಲಿಯೇ ಮುರಿಯಬೇಕು. ಕೊನೆಯ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ವಜಾ ಮಾಡಿಸಿಕೊಂಡು ಹೊರಟವನಿಗೆ ತೆರಿಗೆ ಮುರಿಯಲು ಹಣವೇ ಕೈಯಲ್ಲಿ ಇರುವುದಿಲ್ಲ, ಮಾಲೀಕರ ಪ್ಯಾನ್ ಸಂಖ್ಯೆಯೂ ತಿಳಿದಿರುವುದಿಲ್ಲ. ಕಚೇರಿಗೆ ಒಪ್ಪಿಸಬೇಕಾದ ಬಾಡಿಗೆ ರಸೀದಿಗಳನ್ನೂ ಸೌಹಾರ್ದ ಉಳಿದಿರುವಾಗಲೇ ಪಡೆಯುವುದು ಜಾಣತನ.

ಭೋಗ್ಯದ ಮನೆಯವರ ಸ್ಥಿತಿ ಇದಕ್ಕಿಂತ ಗುರುತರವಾದುದು. ತಿಂಗಳ ಬಾಡಿಗೆಯಿಲ್ಲದೆ, ಹತ್ತು ಹದಿನೈದು ಲಕ್ಷವನ್ನು ಒಮ್ಮೆಗೇ ಕೊಟ್ಟು, ಅವಧಿ ಮುಗಿದಾಗ ಅಷ್ಟನ್ನೂ ಹಿಂದಕ್ಕೆ ಪಡೆಯುವ ಈ ಏರ್ಪಾಡಿನಲ್ಲಿ, ಒಂದು ಮಧ್ಯಮವರ್ಗದ ಸಂಸಾರದ ಉಳಿತಾಯವೆಲ್ಲ ಮಾಲೀಕರಲ್ಲಿ ಸೇರಿರುತ್ತದೆ. ಮುಂದಿನ ಭೋಗ್ಯದವರು ಬರುವ ತನಕ ತಡೆಯಿರಿ ಎಂಬ ಮಾತಿಗೆ ಓಗೊಟ್ಟು ಮನೆಯನ್ನು ಬಿಟ್ಟುಕೊಟ್ಟವರು ವರ್ಷಗಟ್ಟಲೆ ಅಲೆದದ್ದುಂಟು. ಇಂತಹವರು ಕರಾರಿನ ಅವಧಿ ಮುಗಿಯುವುದಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಲಿಖಿತ ಸೂಚನೆ ಕೊಟ್ಟು, ಪೂರ್ಣ ಮೊತ್ತ ಬ್ಯಾಂಕಿನಲ್ಲಿ ಜಮೆಯಾದುದನ್ನು ಕಣ್ಣಾರೆ ನೋಡುವ ತನಕ, ಒಂದು ಮಂಚವನ್ನಾದರೂ ಒಳಗೆ ಬಿಟ್ಟು ಬೀಗವನ್ನು ತಮ್ಮದಾಗಿಯೇ ಇಟ್ಟುಕೊಳ್ಳತಕ್ಕದ್ದು. ದಾಕ್ಷಿಣ್ಯಕ್ಕೆ ಇಲ್ಲಿ ಎಡೆಯಿಲ್ಲ.

ಸಾಧಾರಣ ಬಾಡಿಗೆಯವರಿಗೂ ತತ್ತ್ವ ಅದೇ, ಪ್ರಮಾಣ ಬೇರೆ. ಸಾಮಾನು ಹೊರಹೋದ ಮೇಲೆ, ಬರಿದಾದ ಮನೆಯಲ್ಲಿ ಇಬ್ಬರೂ ನಿಂತು ಪ್ರತಿ ಕೋಣೆಯನ್ನೂ ನೋಡಿ, ಕಳೆಯಬೇಕಾದ ಬಾಬ್ತುಗಳನ್ನು ಒಂದು ಹಾಳೆಯಲ್ಲಿ ಬರೆದು, ಉಳಿದ ಮೊತ್ತವನ್ನು ಅಲ್ಲಿಯೇ ಖಾತೆಗೆ ಕಳುಹಿಸಿದ ಬಳಿಕ ಬೀಗದ ಕೈಗಳನ್ನು, ಮಾಡಿಸಿದ ನಕಲುಗಳ ಸಹಿತ, ಒಪ್ಪಿಸುವುದು ಸರಿಯಾದ ಕ್ರಮ. ಇಂತಿಂತಹ ದಿನ ಮನೆಯನ್ನು ವಶಕ್ಕೆ ಪಡೆದಿದ್ದೇನೆ, ಪರಸ್ಪರ ಬಾಕಿಯಿಲ್ಲ ಎಂಬ ಒಂದು ಸಾಲಿಗೆ ಮಾಲೀಕರ ಸಹಿ ಬೀಳಬೇಕು. ಖಾಲಿ ಮನೆಯನ್ನು ಮೊಬೈಲಿನಲ್ಲಿ ಬಾಗಿಲಿನಿಂದ ಬಾಗಿಲಿಗೆ ಚಿತ್ರಿಸಿಟ್ಟುಕೊಂಡರೆ ಇನ್ನೂ ಉತ್ತಮ. ಒಳಬಂದ ದಿನವೂ ಹಾಗೆಯೇ ಚಿತ್ರಿಸಿದ್ದವನಿಗೆ ಮಾತಿನ ಅಗತ್ಯವೇ ಬಹಳ ಕಡಿಮೆ. ಕೇಂದ್ರ ಸರಕಾರ 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು, ಮನೆಯ ವಶ ಪಡೆಯುವಾಗಲೇ ಅದನ್ನು ಹಿಂದಿರುಗಿಸಬೇಕು ಎನ್ನುತ್ತದೆ. ಆದರೆ ಮಾದರಿಯೆಂಬ ಹೆಸರೇ ಹೇಳುವಂತೆ, ರಾಜ್ಯವೊಂದು ತನ್ನ ಶಾಸನವಾಗಿ ಮಾಡಿಕೊಂಡಲ್ಲದೆ ಅದಕ್ಕೆ ಅಲ್ಲಿ ಬಲವಿಲ್ಲ.

ಹದಿನೈದು ದಿನ ತಾಳಿ ಎಂದು ಮಾಲೀಕರು ಕೇಳಿದರೆ ಏನು ಮಾಡುವುದು? ಮನುಷ್ಯರನ್ನು ನೋಡಿ ನಿರ್ಣಯಿಸಬೇಕಾದ ವಿಷಯವಿದು. ವರ್ಷಗಟ್ಟಲೆ ಹಬ್ಬಕ್ಕೆ ಹೋಳಿಗೆ ಕೊಟ್ಟು ಪಡೆದವರಾದರೆ, ಬಹುಪಾಲು ಹಣವನ್ನು ಪಡೆದು, ಉಳಿದುದಕ್ಕೆ ತಾರೀಖು ಹಾಕಿದ ಚೆಕ್ಕನ್ನೋ ಬರಹವನ್ನೋ ತೆಗೆದುಕೊಂಡು ಒಪ್ಪಬಹುದು. ಕೊಟ್ಟ ಮಾತು ತಪ್ಪಿದರೆ ವಕೀಲರ ಮೂಲಕ ನೋಟಿಸು, ಅದಕ್ಕೂ ಮೀರಿದರೆ ಹಣ ವಸೂಲಿಯ ದಾವೆ. ಇಂತಹ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ, ‘ಇಂದು, ನಾಳೆ’ ಎಂಬ ಮಾತನ್ನು ಕೇಳುತ್ತ ಅನಿರ್ದಿಷ್ಟವಾಗಿ ಕಾಯಬಾರದು. ಮಾಲೀಕರಿಗೂ ಒಂದು ಮಾತು ಹೇಳಬಹುದಾದರೆ, ಹೊರಹೋಗುವವನಿಗೆ ಸಕಾಲದಲ್ಲಿ ಹಣ ಕೊಟ್ಟ ಮನೆಗೆ ಬ್ರೋಕರಿನ ಅವಶ್ಯಕತೆ ಅಷ್ಟಾಗಿ ಬೀಳುವುದಿಲ್ಲ; ಹೋದವರೇ ತಮ್ಮ ಬಂಧುಮಿತ್ರರನ್ನು ಕಳುಹಿಸುತ್ತಾರೆ.

ಉಳಿದದ್ದು ವಿಳಾಸ. ಬ್ಯಾಂಕು, ವಿಮೆ, ಆಧಾರ್, ಮಕ್ಕಳ ಶಾಲೆ ಇವುಗಳಿಗೆ ತಿಳಿಸುವುದನ್ನು ಹೇಗೋ ಮಾಡುವ ಜನ ಮತದಾರರ ಪಟ್ಟಿಯನ್ನು ಮಾತ್ರ ಚುನಾವಣೆಯ ಹಿಂದಿನ ದಿನದ ತನಕ ನೆನೆಯುವುದಿಲ್ಲ. ವಾಸ ಬದಲಿಸಿದವರಿಗೆಂದೇ ಚುನಾವಣಾ ಆಯೋಗದ ನಮೂನೆ 8 ಇದೆ. ಒಂದೇ ಕ್ಷೇತ್ರದೊಳಗೆ ಬದಲಿಸಿದವರೂ, ಬಸವನಗುಡಿಯಿಂದ ಯಲಹಂಕಕ್ಕೆ ಹೋದವರೂ, ಮೈಸೂರಿಗೇ ಹೋದವರೂ ಅದನ್ನೇ ತುಂಬತಕ್ಕದ್ದು. ಹಳೆಯ ಮನೆಗೆ ಬರುವ ಕಾಗದಗಳು ಆ ಬಳಿಕವೂ ಕೆಲವು ತಿಂಗಳು ಬರುತ್ತಲೇ ಇರುವುದರಿಂದ, ಹೊಸದಾಗಿ ಬಂದವರಿಗೆ ನಮ್ಮ ಫೋನ್ ನಂಬರನ್ನು ಕೊಟ್ಟು, ಚೆಕ್ ಪುಸ್ತಕವೋ ಕೋರ್ಟಿನ ಸಮನ್ಸೋ ಬಂದರೆ ಒಂದು ಕರೆ ಮಾಡಿರೆಂದು ಕೇಳಿಕೊಳ್ಳಬೇಕು. ನಮ್ಮ ಹಿಂದಿನವರ ಕಾಗದಗಳನ್ನು ನಾವು ಹೇಗೆ ನೋಡಿಕೊಂಡೆವೋ ಅವರಿಗೆ ಹೇಗೂ ತಿಳಿಯದು.